‘ಪಫ್’ ಗಾಂಜಾದ ಹಾಡಾ? ಅಲ್ಲ ಮಾರಾಯ್ರೇ!

ಪ್ರಶ್ನೆ: ಅಮೆರಿಕದ ಜಾನಪದ ಗಾಯಕರ ತಂಡ ಪೀಟರ್, ಪಾಲ್ ಆ್ಯಂಡ್ ಮೇರಿಯ ‘ಪಫ್, ದಿ ಮ್ಯಾಜಿಕ್ ಡ್ರ್ಯಾಗನ್’ ಒಳಗೊಳಗೆ ಗಾಂಜಾದ ಹಾಡಂತೆ, ನಿಜವೇ? ತಂಡ ಒಡೆದದ್ದೂ ಅದಕ್ಕೇನಾ?

ಉತ್ತರ: ಮೊದಲನೆಯದಕ್ಕೂ ಅಲ್ಲ, ಎರಡನೆಯದಕ್ಕೂ ಅಲ್ಲ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಈ ಸಲ ಬುಡಸಮೇತ ಕಿತ್ತುಬಿಡೋಣ.

1964ರ ಹೊತ್ತಿಗೇ ಅಮೆರಿಕದ ವಾರಪತ್ರಿಕೆ ನ್ಯೂಸ್‌ವೀಕ್‌ನಲ್ಲಿ ಈ ಗುಮಾನಿ ಅಚ್ಚಾಗಿತ್ತು. ಪಫ್ ಅಂದರೆ ದಮ್ಮು, ಹಾಡಿನಲ್ಲಿ ಬರುವ ಹುಡುಗ ಜಾಕಿ ಪೇಪರ್ ಅಂದರೆ ಸೊಪ್ಪು ಸುತ್ತುವ ಕಾಗದ ಎಂಬ ಲೆಕ್ಕಾಚಾರ. ನಡೆದದ್ದೇ ಬೇರೆ. 1959ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ 19ರ ಹುಡುಗ ಲೆನರ್ಡ್ ಲಿಪ್ಟನ್, ಆಗ್ಡೆನ್ ನ್ಯಾಶ್ ಬರೆದ ಡ್ರ್ಯಾಗನ್ ಪದ್ಯ ಓದಿದ ಗುಂಗಿನಲ್ಲಿ, ಮುಂದೆ ಈ ತಂಡದ ಪೀಟರ್ ಆದ ಪೀಟರ್ ಯಾರೊನ ಟೈಪ್‌ರೈಟರ್ ಮುಂದೆ ಕೂತು ತನ್ನದೊಂದು ಪದ್ಯ ಕುಟ್ಟಿದ. ಹಾಳೆಯನ್ನು ಅದರಲ್ಲೇ ಬಿಟ್ಟು ಎದ್ದುಹೋದ, ಮರೆತೂಬಿಟ್ಟ. ಪೀಟರ್ ಅದಕ್ಕೆ ಸಾಲು ಸೇರಿಸಿ ರಾಗ ಹಾಕಿದ. ಈ ಕಥೆಯಲ್ಲಿರುವ ಕಾಗದ ಅದೊಂದೇ.

ಇನ್ನು, ವದಂತಿಪ್ರಿಯರು ಹಾಡನ್ನು ಕೊನೆವರೆಗೆ ಕೇಳುವುದೇ ಇಲ್ಲ. ಡ್ರ್ಯಾಗನ್‌ಗೆ ಸಾವಿಲ್ಲ, ಹುಡುಗ ಬೆಳೆಯುತ್ತಾನೆ, ಒಂದು ದಿನ ಆಟಕ್ಕೆ ಬರುವುದನ್ನೇ ನಿಲ್ಲಿಸುತ್ತಾನೆ. ಡ್ರ್ಯಾಗನ್ ತಲೆ ತಗ್ಗಿಸಿ ಗುಹೆಗೆ ಹಿಂತಿರುಗುತ್ತದೆ. ಇದರಲ್ಲಿ ನಶೆ ಎಲ್ಲಿ ಬಂತು? ಹುಡುಕಲೇಬೇಕೆಂದು ಹೊರಟರೆ ಎಲ್ಲಿ ಬೇಕಾದರೂ ಸಿಗುತ್ತದೆ ಎಂದು ತೋರಿಸಲು ಪೀಟರ್ ಅಮೆರಿಕದ ರಾಷ್ಟ್ರಗೀತೆಯನ್ನೇ ಇದೇ ಧಾಟಿಯಲ್ಲಿ ಅರ್ಥೈಸಿ ನಗಿಸುತ್ತಿದ್ದ. ನಮ್ಮ ಜಿ.ಪಿ. ರಾಜರತ್ನಂ ಅವರ ನಾಯಿಮರಿ ಕೇಳುವ ತಿಂಡಿಯನ್ನೂ ‘ಮಾಲು’ ಎನ್ನಬಹುದಲ್ಲ! ಹೆಂಡದ ಪದ ಬರೆದವರೂ ಅವರೇ, ಇನ್ನೇನು ಸಾಕ್ಷಿ ಬೇಕು? (ಅವರು ಹೆಂಡ ಮುಟ್ಟಿದವರಲ್ಲ ಎಂಬುದು ಬೇರೆ ಮಾತು.)

ತಂಡದ ಕಥೆ ಚುಟುಕಾಗಿ: 1961ರಲ್ಲಿ ನ್ಯೂಯಾರ್ಕಿನಲ್ಲಿ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ಪೀಟರ್, ಪಾಲ್ ಸ್ಟೂಕಿ, ಮೇರಿ ಟ್ರಾವರ್ಸ್‌ರನ್ನು ಒಟ್ಟುಗೂಡಿಸಿದ. 1963 ಅವರ ವರ್ಷ. ‘ಪಫ್’ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು, ಗಾಯಕ ಬಾಬ್ ಡಿಲನ್ ಬರೆದು ಇವರು ಹಾಡಿದ ‘ಬ್ಲೋಯಿನ್ ಇನ್ ದ ವಿಂಡ್’ ಕೂಡ. ಡಿಲನ್ ಹೆಸರು ಕೇಳಿರದ ಮನೆಗಳಿಗೂ ಆ ಹಾಡು ತಲುಪಿದ್ದು ಇವರ ಗಂಟಲಿನಿಂದ. ಆಗಸ್ಟ್ 28ರಂದು, ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ವಾಷಿಂಗ್ಟನ್ ಮೆರವಣಿಗೆಯಲ್ಲೂ ಹಾಡಿದರು. ಮರುವರ್ಷ ಬೀಟಲ್ಸ್ ಬಂದರು, ಆಮೇಲೆ ಡಿಲನ್ ಕೂಡ ಎಲೆಕ್ಟ್ರಿಕ್ ಗಿಟಾರ್ ಹಿಡಿದ; ಮೂರು ಕಂಠ, ಎರಡು ಗಿಟಾರಿನ ಸದ್ದು ಹಳತಾಯಿತು. ಇವರ ಏಕೈಕ ನಂಬರ್ 1 ಬಂದದ್ದು 1969ರಲ್ಲಿ, ಜಾನ್ ಡೆನ್ವರ್ ಬರೆದ ‘ಲೀವಿಂಗ್ ಆನ್ ಎ ಜೆಟ್ ಪ್ಲೇನ್’ನಿಂದ. ಮರುವರ್ಷವೇ ತಂಡ ಚದುರಿತು. ವರ್ಷಗಟ್ಟಲೆ ಊರೂರು ಸುತ್ತಿದ ದಣಿವು, ಪಾಲ್‌ನ ಮನಸ್ಸು ಮನೆಮಕ್ಕಳು, ದೇವರ ಕಡೆಗೆ. ಅದೇ 1970ರಲ್ಲಿ 14 ವರ್ಷದ ಹುಡುಗಿಯೊಂದಿಗಿನ ದುರ್ವರ್ತನೆಗೆ ಪೀಟರ್ ಜೈಲು ಕಂಡ. ಇದನ್ನು ಬಿಟ್ಟು ಕೀರ್ತಿ ಮಾತ್ರ ಹೇಳುವುದು ಸರಿಯಲ್ಲ. 1978ರಲ್ಲಿ ಮತ್ತೆ ಸೇರಿದರು, 2009ರಲ್ಲಿ ಮೇರಿ ತೀರಿಕೊಳ್ಳುವವರೆಗೆ ತಂಡ ಉಳಿಯಿತು.

ಹಾಳೆ ಮರೆತುಹೋದ ಹುಡುಗ ಏನಾದ ಎಂದು ಒಬ್ಬರೂ ಕೇಳುವುದಿಲ್ಲ, ಅದೇ ನನಗೆ ಬೇಸರ. ಪೀಟರ್ ಅವನನ್ನು ಹುಡುಕಿಸಿ ಹಾಡಿನ ಪಾಲು ಕೊಡಿಸಿದ. ಆ ರಾಯಧನದ ಆಸರೆಯಲ್ಲಿ ಲಿಪ್ಟನ್ 3ಡಿ ಚಿತ್ರಗಳ ಹಿಂದೆ ಬಿದ್ದ, ಪೇಟೆಂಟ್ ಮೇಲೆ ಪೇಟೆಂಟ್ ಪಡೆದ. ಅವನ ಕಂಪನಿಯನ್ನು 2005ರಲ್ಲಿ ಕೊಂಡದ್ದು, ಇವತ್ತು ಥಿಯೇಟರುಗಳ 3ಡಿ ಕನ್ನಡಕದ ಮೇಲೆ ಹೆಸರು ಕಾಣುವ ರಿಯಲ್‌ಡಿ.