ಕಾರಿನೊಳಗೆ ಬೆಲ್ಲದ ಪಾಕ

ಕುಂದಾಪುರದಿಂದ ಬಂದ ಚಿಕ್ಕಮ್ಮನನ್ನು ಪನ್ವೇಲ್ ಸ್ಟೇಷನ್ನಿನಿಂದ ಡೊಂಬಿವಲಿಗೆ ಕರೆತರುತ್ತಿದ್ದೆ. ಜಡಿಮಳೆ, ಗಾಜುಗಳೆಲ್ಲ ಮೇಲೆ. ಹೊರಟು ಎರಡು ನಿಮಿಷ ಆಗಿರಲಿಲ್ಲ, "ಎಂತ ಮಾರಾಯ, ಕಾರಿನೊಳಗೆ ಬೆಲ್ಲದ ಪಾಕ ಎತ್ತಿದ ಹಾಗೆ ಪರಿಮಳ?" ಎಂದರು. ನನಗೇನೂ ಬರುತ್ತಿರಲಿಲ್ಲ. ಆದರೆ ಒಂದು ವಾರದಿಂದ ಮುಂದಿನ ಗಾಜಿನ ಒಳಗಡೆ ಮಂಜು ಕೂರುತ್ತಿತ್ತು. ಒರೆಸಿದರೆ ಹೋಗದೆ ಜಿಡ್ಡಿನಂತೆ ಹರಡುತ್ತಿತ್ತು. ಮನೆಗೆ ಬಂದು ಎಡಗಡೆ ಸೀಟಿನ ಮುಂದಿನ ಮ್ಯಾಟ್ ಎತ್ತಿದೆ. ಕಾರ್ಪೆಟ್ ಒದ್ದೆ. ಬೆರಳಿಗೆ ಹತ್ತಿದ್ದು ನೀರಲ್ಲ, ಜಾರುವ ತಿಳಿಹಸಿರು ಕೂಲೆಂಟ್, ಎಂಜಿನ್ ತಂಪಾಗಿಡುವ ದ್ರವ.

ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸೋರಿದರೆ ಈ ಸಿಹಿ ವಾಸನೆ. ಮುಂಬಯಿಯಲ್ಲಿ ಹೀಟರ್ ಯಾರು ಹಾಕುತ್ತಾರೆ ಎನ್ನಬೇಡಿ. ಹೀಟರ್ ಬಂದ್ ಇದ್ದರೂ ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಅದರ ಪುಟ್ಟ ರೇಡಿಯೇಟರ್‌ನಲ್ಲಿ ಬಿಸಿ ಕೂಲೆಂಟ್ ಸುತ್ತುತ್ತಲೇ ಇರುತ್ತದೆ. ಅದು ತೂತಾದರೆ ಆವಿ ಗಾಜಿಗೆ, ದ್ರವ ಕಾಲಡಿಗೆ. ಇದು ವಿಷ. ನೆಲಕ್ಕೆ ಸೋರಿದ್ದನ್ನು ಸಿಹಿಯೆಂದು ನೆಕ್ಕಿದ ಬೆಕ್ಕು, ನಾಯಿಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕಂಡ ಕೂಡಲೇ ತೊಳೆಯಬೇಕು.

ನನ್ನ ಮೂಗಿಗೇನಾಗಿತ್ತು? ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು, ಮೆದುಳು ಎರಡೂ ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತವೆ. ದಿನಾ ಓಡಿಸುವವನಿಗಿಂತ ಈಗಷ್ಟೇ ಹತ್ತಿದವರ ಮಾತನ್ನು ನಂಬುವುದು ಅದಕ್ಕೇ.

ಘಾಟಿಯ ವಾಸನೆ ಮಾತ್ರ ಎಲ್ಲರಿಗೂ ಹೊಡೆಯುತ್ತದೆ. ಖಂಡಾಲಾ ಏರುವಾಗ ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ಚಿನಲ್ಲೇ ಕಾರು ಹಿಡಿದು ನಿಲ್ಲಿಸಿದರೆ ಕ್ಲಚ್ ಪ್ಲೇಟಿನ ಲೇಪನದಲ್ಲಿರುವ ರಾಳ ಸುಟ್ಟು ಕಾಗದ ಕರಟಿದಂಥ ನಾತ ಬರುತ್ತದೆ. ಒಮ್ಮೆ ಬಂದು ಹೋದರೆ ನಿಮ್ಮ ಕಾಲಿನ ತಪ್ಪು, ಸಪಾಟು ರಸ್ತೆಯಲ್ಲೂ ಬಂದರೆ ಪ್ಲೇಟಿನ ಆಯುಷ್ಯ ಮುಗಿಯಿತು. ಇಳಿಯುವಾಗ ಬರುವುದು ಬ್ರೇಕಿನದು. ಇದು ಹೆಚ್ಚು ಅಪಾಯ, ಆ ಬಿಸಿಗೆ ಬ್ರೇಕ್ ಆಯಿಲ್ ಕುದಿಯಬಹುದು. ಡಾಟ್-3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಗಾಳಿಯ ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ಒತ್ತಿದರೆ ಸ್ಪಂಜು, ಬ್ರೇಕ್ ಸರಿಯಾಗಿ ಹಿಡಿಯದು. ನಮ್ಮ ಕೊಂಕಣದ ಮಳೆಗಾಲ ಎಂಥದ್ದೆಂದು ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಘಾಟಿಯನ್ನು ಸಣ್ಣ ಗೇರಿನಲ್ಲಿ ಇಳಿಯಿರಿ.

ಕೊಳೆತ ಮೊಟ್ಟೆಯ ವಾಸನೆಗೆ ಮೆಕ್ಯಾನಿಕ್‌ಗಳು ಹಿಂದೆಲ್ಲ ಸೈಲೆನ್ಸರಿನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನತ್ತ ಕೈ ತೋರಿಸುತ್ತಿದ್ದರು. ಪೆಟ್ರೋಲಿನ ಗಂಧಕ ಅಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಬಂದ ಬಿಎಸ್-6 (ವಾಹನ ಮಾಲಿನ್ಯದ ಸರ್ಕಾರಿ ಮಾನದಂಡ) ಇಂಧನದಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಹಾಗಾಗಿ ಈಗ ಬಾನೆಟ್ ಎತ್ತಿ ಮೊದಲು ಬ್ಯಾಟರಿ ನೋಡುವುದು ಒಳ್ಳೆಯದು. ಆಲ್ಟರ್ನೇಟರ್ ಮಿತಿಮೀರಿ ಚಾರ್ಜ್ ಮಾಡುತ್ತಿದ್ದರೆ ಬ್ಯಾಟರಿ ಕುದ್ದು, ಉಬ್ಬಿ ಅದೇ ಅನಿಲ ಬಿಡುತ್ತದೆ. ಜೊತೆಗೆ ಹೈಡ್ರೋಜನ್ನೂ ಇರುವುದರಿಂದ ಹತ್ತಿರ ಬೀಡಿ, ಕಿಡಿ ಬೇಡ.

ಮುಂಬಯಿಯ ಟ್ಯಾಕ್ಸಿ, ರಿಕ್ಷಾಗಳಲ್ಲಿ ಮೂಗಿಗೆ ಬಡಿಯುವ ಸಿಎನ್‌ಜಿ ನಾತವಂತೂ ಬೇಕೆಂದೇ ಬೆರೆಸಿದ್ದು. ಸಿಎನ್‌ಜಿಯಲ್ಲಿ ಮುಖ್ಯವಾಗಿರುವ ಮೀಥೇನ್ ಅನಿಲಕ್ಕೆ ವಾಸನೆಯೇ ಇಲ್ಲ, ಸೋರಿದರೆ ತಿಳಿಯಲಿ ಎಂದು ಗಂಧಕದ ಸಂಯುಕ್ತವನ್ನು ಚಿಟಿಕೆಯಷ್ಟು ಸೇರಿಸುತ್ತಾರೆ.

ಎಂಜಿನ್ ಉಗುಳುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಯಾರೂ ಹಾಗೆ ವಾಸನೆ ಕೂಡಿಸಿಲ್ಲ. ತುಕ್ಕು ಹಿಡಿದ ಸೈಲೆನ್ಸರ್, ಹರಿದ ಡಿಕ್ಕಿ ರಬ್ಬರಿನ ಸಂದಿನಿಂದ ಒಳಬಂದರೆ ಚಿಕ್ಕಮ್ಮನಿಗೂ ತಿಳಿಯದು. ಜೊತೆಗೆ ಬರುವ ಹೊಗೆಯ ವಾಸನೆಯೊಂದೇ ಮೂಗಿಗೆ ಸಿಗುವ ಸುಳಿವು. ಅದು ಬಂತೋ, ಮಳೆ ಇದ್ದರೂ ಗಾಜು ಇಳಿಸಿ, ಕಾರು ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ ಹೊರಗೆ ಬನ್ನಿ.