ಕಾಯಬೇಕೋ, ಬಿಡಬೇಕೋ: ರೈಲು ವಿಳಂಬ ಮತ್ತು ಸಂಪರ್ಕ ರೈಲಿನ ಲೆಕ್ಕ

ಸಿಗ್ನಲ್ ಕೆಟ್ಟಿತು, ಎಂಜಿನ್ ನಿಂತಿತು, ಲೆವೆಲ್ ಕ್ರಾಸಿಂಗ್ ಗೇಟು ಮುಚ್ಚಲಾಗಲಿಲ್ಲ: ಇವು ಮೂಲ ವಿಳಂಬ. ಆ ರೈಲಿನ ಹಿಂದೆ ಬರುತ್ತಿದ್ದದ್ದು, ಎದುರಿನಿಂದ ಬಂದದ್ದು, ಅದೇ ಪ್ಲಾಟ್‌ಫಾರ್ಮಿಗೆ ಕಾದದ್ದು, ಅದೇ ರೇಕ್‌ನಲ್ಲಿ (ಬೋಗಿಗಳ ಸಾಲಿನಲ್ಲಿ) ವಾಪಸ್ ಹೊರಡಬೇಕಾದದ್ದು, ಇವಕ್ಕೆಲ್ಲ ತಗಲುವುದು ಸರಣಿ ವಿಳಂಬ. ಮೂಲ ವಿಳಂಬದ ಮೇಲೆ ಕಂಟ್ರೋಲ್ ರೂಮಿಗೆ ಹಿಡಿತ ಕಡಿಮೆ. ಅಲ್ಲಿ ಮುಖ್ಯವಾಗಿ ಎರಡು ತೀರ್ಮಾನ ಆಗಬೇಕು: ಸಂಪರ್ಕ ರೈಲನ್ನು, ಅಂದರೆ ತಡವಾದ ರೈಲಿನಿಂದ ಇಳಿದವರು ಹತ್ತಬೇಕಾದದ್ದನ್ನು, ನಿಲ್ಲಿಸಿಕೊಳ್ಳುವುದೇ, ಮತ್ತು ಹಳಿ ಮೊದಲು ಯಾರಿಗೆ?

ಒಂದು ಲೆಕ್ಕ ಮಾಡೋಣ (ಅಂಕಿಗಳು ಅಭ್ಯಾಸಕ್ಕೆ ಮಾತ್ರ). ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ರೈಲು ಬೀರೂರಿಗೆ 20 ನಿಮಿಷ ತಡ. ಅಲ್ಲಿಳಿದು ಶಿವಮೊಗ್ಗ ರೈಲು ಹಿಡಿಯಬೇಕಾದವರು 40 ಮಂದಿ. ವೇಳಾಪಟ್ಟಿಯಲ್ಲಿ ನಡುವಿನ ಅಂತರ 15 ನಿಮಿಷ, ಪ್ಲಾಟ್‌ಫಾರ್ಮ್ ಬದಲಿಸಲು ಕನಿಷ್ಠ 8 ನಿಮಿಷ ಬೇಕು. ಉಳಿದ 7 ನಿಮಿಷವೇ ಬಿಡುವು, ಅಂದರೆ ಸ್ಲ್ಯಾಕ್. ಹಾಗಾಗಿ ಶಿವಮೊಗ್ಗ ರೈಲು ಕಾಯಬೇಕಾದದ್ದು 20 ಅಲ್ಲ, 13 ನಿಮಿಷ.

ಕಾಯದಿದ್ದರೆ, ಮುಂದಿನ ರೈಲು 60 ನಿಮಿಷಕ್ಕೆ ಎಂದಾದರೆ, ನಷ್ಟ 40 × 60 = 2400 ಪ್ರಯಾಣಿಕ-ನಿಮಿಷ. ಕಾದರೆ ಆಗಲೇ ಕೂತಿರುವ 300 ಮಂದಿಗೆ 13 ನಿಮಿಷದಂತೆ 3900. ಬಿಟ್ಟುಬಿಡಿ ಅನ್ನಿಸುತ್ತದೆ. ಆದರೆ ಬಹುತೇಕರು ಇಳಿಯುವುದು ಕೊನೆಯ ನಿಲ್ದಾಣದಲ್ಲಿ, ಅಷ್ಟರೊಳಗೆ 9 ನಿಮಿಷ ಸ್ಲ್ಯಾಕ್ ಇದೆ ಎಂದರೆ ಅವರಿಗೆ ಉಳಿಯುವುದು 4 ನಿಮಿಷ: 1200. ಈಗ ಕಾಯುವುದೇ ಸರಿ! ಅಷ್ಟಕ್ಕೇ ನಿಲ್ಲಬೇಡಿ. ಬೀರೂರು–ಶಿವಮೊಗ್ಗ ಏಕಮಾರ್ಗ, ಎರಡೂ ದಿಕ್ಕಿಗೆ ಒಂದೇ ಹಳಿ. ಎದುರಿನ ರೈಲು ಲೂಪ್ ಲೈನಿನಲ್ಲಿ (ನಿಲ್ದಾಣದ ಪಕ್ಕದ ಹಳಿಯಲ್ಲಿ) 13 ನಿಮಿಷ ನಿಂತರೆ, ಅದರಲ್ಲಿ ಸ್ಲ್ಯಾಕ್ ಇಲ್ಲದಿದ್ದರೆ, 250 × 13 = 3250 ಸೇರಿ ಒಟ್ಟು 4450. ಮತ್ತೆ ತಿರುವುಮುರುವು. ಈ ಎರಡು ರೈಲುಗಳು ಒಂದನ್ನೊಂದು ದಾಟುವ ಕ್ರಾಸಿಂಗನ್ನು ಬೇರೆ ನಿಲ್ದಾಣಕ್ಕೆ ವರ್ಗಾಯಿಸಿದರೆ ಉತ್ತರ ಇನ್ನೊಮ್ಮೆ ಬದಲಾಗಬಹುದು. ಇಂಥ ಲೆಕ್ಕ ತಪ್ಪುವುದು ಈ ಎದುರು ರೈಲನ್ನು ಮರೆತಾಗ.

ಇಡೀ ಜಾಲಕ್ಕೆ ಇದೇ ಲೆಕ್ಕವನ್ನು ಗ್ರಾಫ್ ಆಗಿ ಬರೆಯುತ್ತಾರೆ. ಪ್ರತಿ ಆಗಮನ, ನಿರ್ಗಮನ ಒಂದು ಬಿಂದು. ಓಟ, ನಿಲುಗಡೆ, ರೈಲು ಬದಲಾವಣೆ ಇವು ಗೆರೆಗಳು, ಪ್ರತಿ ಗೆರೆಗೂ ಒಂದು ಕನಿಷ್ಠ ಅವಧಿ. ಪ್ರತಿ ಸಂಪರ್ಕಕ್ಕೆ 0 ಅಥವಾ 1: ಉಳಿಸಿಕೊಂಡೆವೋ, ಕೈಬಿಟ್ಟೆವೋ. ಇದನ್ನು ಪೂರ್ಣಾಂಕ ಪ್ರೋಗ್ರಾಮಿಂಗ್ (ಪೂರ್ಣ ಸಂಖ್ಯೆಗಳಲ್ಲೇ ಅತ್ಯುತ್ತಮ ಆಯ್ಕೆ ಹುಡುಕುವ ಗಣಿತ) ಸಮಸ್ಯೆಯಾಗಿ ರೂಪಿಸಿದವರಲ್ಲಿ ಜರ್ಮನಿಯ ಗಣಿತಜ್ಞೆ ಅನಿತಾ ಶೋಬೆಲ್ ಪ್ರಮುಖರು. ಒಂದು ಸಂಪರ್ಕದ ಉತ್ತರ ಮುಂದಿನದನ್ನು ಕಟ್ಟಿಹಾಕುವುದರಿಂದ ಜಾಲ ದೊಡ್ಡದಾದಂತೆ ಲೆಕ್ಕ ಬಹಳ ಬೇಗ ಬಿಗಿಯಾಗುತ್ತದೆ.

ಸ್ಲ್ಯಾಕ್ ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ನಮ್ಮ ವೇಳಾಪಟ್ಟಿಗಳಲ್ಲಿ ಅದರ ದೊಡ್ಡ ಪಾಲು ಕೊನೆಯ ನಿಲ್ದಾಣದ ಹತ್ತಿರ ಕೂತಿರುತ್ತದೆ. ರೈಲು ಹುಬ್ಬಳ್ಳಿಗೆ ಸರಿಯಾದ ಸಮಯಕ್ಕೆ ಮುಟ್ಟಿತು ಎಂದು ದಾಖಲಾಗುತ್ತದೆ; ಅರಸೀಕೆರೆಯಲ್ಲೋ ಬೀರೂರಿನಲ್ಲೋ ಇಳಿದು ರೈಲು ತಪ್ಪಿಸಿಕೊಂಡವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಂತೂ 50 ಮೀಟರಿಗೆ 1 ಮೀಟರಿನ ಇಳಿಜಾರು, ವೇಗಕ್ಕೆ ಕಟ್ಟುನಿಟ್ಟಿನ ಮಿತಿ. ಅಲ್ಲಿ ಕಳೆದ ಸಮಯವನ್ನು ಓಡಿ ಹಿಡಿಯುವ ಮಾತೇ ಇಲ್ಲ.

ಸಂಪರ್ಕ ತಪ್ಪಿದರೆ ಆಗುವ ನಷ್ಟ ಮುಂದಿನ ರೈಲು ಯಾವಾಗ ಎಂಬುದರ ಮೇಲೆ ನಿಂತಿದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೊ ಇಳಿದು ಹಸಿರು ಹಿಡಿಯುವವರಿಗಾಗಿ ರೈಲು ಕಾಯುವುದು ವ್ಯರ್ಥ, ಕೆಲವೇ ನಿಮಿಷದಲ್ಲಿ ಇನ್ನೊಂದು ಬರುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ ಅಂತರ 25 ನಿಮಿಷ. ಆಗ ಹಸಿರಿನಿಂದ ಹಳದಿಗೆ ಬದಲಿಸುವ ಆರ್.ವಿ. ರಸ್ತೆಯಲ್ಲಿ ಒಂದು ಮೆಟ್ರೊ ತಪ್ಪಿತೆಂದರೆ ಅಷ್ಟೂ ಹೊತ್ತು ಹೋದಂತೆ. ದಿನದ ಕೊನೆಯ ರೈಲಿಗೆ ನಷ್ಟ ಮರುದಿನ ಬೆಳಗಿನವರೆಗೆ, ಅಲ್ಲಿ ಕಾಯುವ ಪರ ವಾದ ಬಲವಾಗುತ್ತದೆ.

ಬೆಂಗಳೂರಿನಲ್ಲಿ ಕನಿಷ್ಠ ಬದಲಾವಣೆ ಸಮಯ ಹಾಕುವಾಗ ನಿಲ್ದಾಣದ ಹೆಸರು ನೋಡಿ. ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣದಲ್ಲಿ ಇಳಿದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಡುವವರು ಊರನ್ನೇ ದಾಟಬೇಕು. ಮೆಟ್ರೊ ಇಳಿದ ಮೇಲೂ ಆಟೊ ಅಥವಾ ಬಸ್ಸು.

ಎರಡು ರೈಲುಗಳ ಟಿಕೆಟ್‌ಗಳನ್ನು 2019ರ ಏಪ್ರಿಲ್‌ನಿಂದ ಜೋಡಿಸಬಹುದು. ಎರಡರಲ್ಲೂ ಪ್ರಯಾಣಿಕರ ವಿವರ ಒಂದೇ ಇರಬೇಕು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣಿಸದ ಭಾಗದ ಹಣ ರದ್ದತಿ ಶುಲ್ಕವಿಲ್ಲದೆ ವಾಪಸ್ ಸಿಗುತ್ತದೆ. ಗಡುವು, ಮೊದಲ ರೈಲು ನಿಜವಾಗಿ ಬಂದ ಹೊತ್ತಿನಿಂದ 3 ಗಂಟೆ. ಕೌಂಟರ್ ಟಿಕೆಟನ್ನು ನಿಲ್ದಾಣದಲ್ಲೇ ಒಪ್ಪಿಸಬೇಕು, ಇ-ಟಿಕೆಟ್ ಆದರೆ ಟಿಡಿಆರ್ (ಹಣ ವಾಪಸಿಗೆ ಆನ್‌ಲೈನ್ ಅರ್ಜಿ) ಸಲ್ಲಿಸಬೇಕು.