ಬುಟ್ಟಿಯ ಬಳ್ಳಿ ಎಷ್ಟು ನೆನೆಯಬೇಕು?

ಬುಟ್ಟಿ ಹೆಣೆಯಲು ಕಲಿಯುವವರಿಗೆ ಮೊದಲು ಸಿಗುವ ಸಲಹೆ ‘ಬಳ್ಳಿಯನ್ನು ಚೆನ್ನಾಗಿ ನೆನೆಸಿ’ ಎಂಬುದು. ನೆನೆದಷ್ಟೂ ಒಳ್ಳೆಯದು ಎಂದು ಬಹಳ ಮಂದಿ ಅರ್ಥ ಮಾಡಿಕೊಳ್ಳುತ್ತಾರೆ. ರಾತ್ರಿಯಿಡೀ ಮುಳುಗಿಸಿಟ್ಟ ಬಳ್ಳಿಯಿಂದ ಬಿಗಿಯಾಗಿ ಹೆಣೆದ ಬುಟ್ಟಿ ಒಣಗಿದ ಮೇಲೆ ಲಟಲಟ ಅಲುಗಾಡಿದರೆ, ತಮ್ಮ ಬೆರಳುಗಳಿಗೆ ಕಲೆ ಒಲಿಯಲಿಲ್ಲವೆಂದು ನೊಂದುಕೊಳ್ಳುತ್ತಾರೆ. ತಪ್ಪು ಬೆರಳಿನದಲ್ಲ, ನೀರಿನ ಲೆಕ್ಕದ್ದು.

ಕಾಂಡದ ಜೀವಕೋಶಗಳ ಗೋಡೆಯಲ್ಲಿ ಸೆಲ್ಯುಲೋಸ್ ಎಂಬ ನಾರುಪದಾರ್ಥದ ಅತಿಸೂಕ್ಷ್ಮ ಎಳೆಗಳಿವೆ. ಎಳೆದರೆ ಬಳ್ಳಿ ಹರಿಯದಂತೆ ಕಾಯುವುದು ಇವೇ. ಅವುಗಳ ನಡುವೆ ಸೆಲ್ಯುಲೋಸಿನ ನಂಟಿನ ಹೆಮಿಸೆಲ್ಯುಲೋಸ್ ಮತ್ತು ಕಾಂಡವನ್ನು ಗಡುಸಾಗಿಸುವ ಲಿಗ್ನಿನ್ ತುಂಬಿಕೊಂಡಿವೆ. ಸೆಲ್ಯುಲೋಸಿನ ಹರಳುಗಟ್ಟಿದ ಭಾಗದೊಳಗೆ ನೀರಿಗೆ ಪ್ರವೇಶವಿಲ್ಲ. ಹೆಮಿಸೆಲ್ಯುಲೋಸಿನೊಳಗೆ ಅದು ಸಲೀಸಾಗಿ ನುಗ್ಗುತ್ತದೆ. ಅಲ್ಲಿ ಸರಪಳಿಯಂಥ ಉದ್ದ ಅಣುಗಳನ್ನು ಒಂದಕ್ಕೊಂದು ಹಿಡಿದಿಟ್ಟ ಹೈಡ್ರೋಜನ್ ಬಂಧಗಳೆಂಬ ದುರ್ಬಲ ಕೊಂಡಿಗಳನ್ನು ಬಿಡಿಸಿ, ನೀರಿನ ಅಣುಗಳು ತಾವೇ ನಡುವೆ ಕೂರುತ್ತವೆ. ಈಗ ಬಳ್ಳಿಯನ್ನು ಬಾಗಿಸಿದರೆ ಸರಪಳಿಗಳು ಮುರಿಯದೆ ಜಾರುತ್ತವೆ. ಒಣಗುವಾಗ ನೀರು ಹೊರಟುಹೋಗಿ, ಜಾರಿ ನಿಂತ ಹೊಸ ಜಾಗದಲ್ಲೇ ಬಂಧಗಳು ಮತ್ತೆ ಬೆಸೆಯುತ್ತವೆ. ಹಸಿ ಹಪ್ಪಳ ಹೇಗೆ ಸೊಟ್ಟಗೆ ಬಿದ್ದಿತ್ತೋ ಹಾಗೆಯೇ ಒಣಗಿ ಗಡುಸಾಗುತ್ತದಲ್ಲ, ಅದೂ ಇದೇ ಬಗೆಯದು. ಅಲ್ಲಿ ಪಿಷ್ಟ, ಇಲ್ಲಿ ಹೆಮಿಸೆಲ್ಯುಲೋಸ್. ಮೊಳೆ, ಅಂಟು ಇಲ್ಲದ ಬುಟ್ಟಿಯನ್ನು ನಿಲ್ಲಿಸುವುದು ಈ ಬೆಸುಗೆ ಮತ್ತು ಹೆಣೆದ ಬಳ್ಳಿಗಳ ನಡುವಿನ ಘರ್ಷಣೆ. ಇದಕ್ಕಿಂತ ಸೊಗಸಾದ ರಸಾಯನಶಾಸ್ತ್ರದ ಪಾಠ ನನಗೆ ಗೊತ್ತಿಲ್ಲ.

ಅದೇ ನೀರು ಗೋಡೆಯನ್ನು ಉಬ್ಬಿಸುತ್ತದೆ ಕೂಡ. ಸೆಲ್ಯುಲೋಸ್ ಎಳೆಗಳು ಬಹುಪಾಲು ಕಾಂಡದ ಉದ್ದಕ್ಕೇ ಓಡುವುದರಿಂದ ಬಳ್ಳಿ ಉದ್ದವಾಗುವುದು ತೀರಾ ಕಡಿಮೆ, ದಪ್ಪವಾಗುವುದೇ ಹೆಚ್ಚು. ಒಣಗಿದಾಗ ಆ ದಪ್ಪ ಇಳಿದು ಹೆಣಿಗೆಯ ಸಂದುಗಳು ಬಾಯಿಬಿಡುತ್ತವೆ. ಆಗತಾನೇ ಕಡಿದ ಹಸಿ ಬಳ್ಳಿಯಂತೂ ಇನ್ನೂ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಮೊದಲು ಪೂರ್ತಿ ಒಣಗಿಸಿ, ಬಾಗಿಸಿದರೆ ಸಿಡಿಯದಷ್ಟು ಮಾತ್ರ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ತೇವ ಒಳಗೆಲ್ಲ ಸಮವಾಗಿ ಹರಡಲು ಬಿಡಬೇಕು. ದಪ್ಪ ಬೆತ್ತಕ್ಕೆ ನೀರೊಂದೇ ಸಾಲದು. ಲಿಗ್ನಿನ್ ಮೆತ್ತಗಾಗಲು ಶಾಖವೂ ಬೇಕು. ಬೆತ್ತದ ಕುರ್ಚಿ ಮಾಡುವವರು ಬೆಂಕಿ ತೋರಿಸಿ ಬಾಗಿಸುವುದು ಅದಕ್ಕೇ.

ಕರಾವಳಿಯ ಕೊರಗರು ಕಾಡುಬಳ್ಳಿಗಳಿಂದಲೂ ಮೇದಾರರು ಬಿದಿರಿನಿಂದಲೂ ಹೆಣೆಯುತ್ತ ಬಂದಿದ್ದಾರೆ. ಅವರ ಕೈಯಲ್ಲಿರುವ ಈ ತಿಳಿವಳಿಕೆಯನ್ನು ಬರಿಯ ಕೈಚಳಕವೆಂದು ಬದಿಗಿಡುವುದು ಅನ್ಯಾಯ. ಇದು ಬಹಳ ಹಳೆಯ ವಿದ್ಯೆ ಎನ್ನಲು ಒಂದು ಸಾಕ್ಷಿ ಮೃತ ಸಮುದ್ರದ ಬಳಿಯ ಜುಡಿಯಾ ಮರುಭೂಮಿಯ ಮುರಬ್ಬಾತ್ ಗುಹೆಯಲ್ಲಿ ಸಿಕ್ಕಿದೆ. 2021ರಲ್ಲಿ ಜಗತ್ತಿಗೆ ತಿಳಿಸಲಾದ ಆ ಬುಟ್ಟಿಗೆ ಸುಮಾರು 10,500 ವರ್ಷ. ಆ ನಾಡಿನಲ್ಲಿ ಮಡಕೆ ಬರುವುದಕ್ಕೂ ಮುಂಚಿನದು. ಒಣಹವೆ ಅದನ್ನು ಕೊಳೆಯಲು ಬಿಡಲಿಲ್ಲ.

ಇನ್ನು, ಅಮಾವಾಸ್ಯೆಯಂದು ಕಡಿದ ಬಿದಿರಿಗೆ ಕುಟ್ಟೆ ಹಿಡಿಯದು ಎಂಬ ನಂಬಿಕೆ. ತಿಥಿ ನೋಡಿ ಕತ್ತಿ ಎತ್ತುವವರು ಋತುವನ್ನು ಮರೆಯುವುದು ನನಗೆ ಚಿಂತೆಯ ವಿಷಯ. ಕುಟ್ಟೆ ಹುಳು ಹುಡುಕಿ ಬರುವುದು ಪಿಷ್ಟವನ್ನು. ಮಳೆಗಾಲದಲ್ಲಿ ಕಳಲೆ ಬೆಳೆಸಲು ಬಿದಿರುಮೆಳೆ ತಾನು ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡುತ್ತದೆ. ಹಾಗಾಗಿ ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಬಲಿತ ಬಿದಿರನ್ನು ಕಡಿಯುವುದು ಲೇಸು. ಕಡಿದದ್ದನ್ನು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದ ಸಕ್ಕರೆ ಬಹುಮಟ್ಟಿಗೆ ಕರಗಿ ಹೋಗುತ್ತದೆ, ಪಿಷ್ಟವೂ ಕಡಿಮೆಯಾಗುತ್ತದೆ. ಈ ದೀರ್ಘ ನೆನೆಸುವಿಕೆ ಹುಳುವಿಗಾಗಿ, ಹೆಣಿಗೆಗಾಗಿ ಅಲ್ಲ. ಇದಾದ ಮೇಲೆ ಬಿದಿರು ಒಣಗಲೇಬೇಕು.